ರೋರಿ ಗ್ಯಾಲಹರ್‌ನನ್ನು ಇನ್ನೆಷ್ಟು ವರ್ಷ ನೆನೆಯುತ್ತೀರಿ?

ಓದುಗರೊಬ್ಬರ ಪತ್ರ: ಜೂನ್ ಬಂತೆಂದರೆ ನಿಮ್ಮ ಪತ್ರಿಕೆಯಲ್ಲಿ ಐರ್ಲೆಂಡಿನ ಗಿಟಾರ್ ವಾದಕ ರೋರಿ ಗ್ಯಾಲಹರ್ ಬಗ್ಗೆ ಒಂದು ಲೇಖನ ಇದ್ದೇ ಇರುತ್ತದೆ. ಅವನು ಹೋಗಿ ಮೂವತ್ತು ವರ್ಷ ದಾಟಿತು. ಅವನಿಗಿಂತ ಚುರುಕಾಗಿ ನುಡಿಸುವವರು ಈಗ ಬೇಕಾದಷ್ಟು ಜನ ಇದ್ದಾರೆ. ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ಬ್ಯಾಂಡ್ ಸೇರುವ ಅವಕಾಶ ಬಂದಾಗ ಕೈಚೆಲ್ಲಿದ. ಕುಡಿದು ಆರೋಗ್ಯ ಕೆಡಿಸಿಕೊಂಡ. ಇನ್ನೂ ಎಷ್ಟು ವರ್ಷ ಹೊಗಳುತ್ತೀರಿ?

ಸಂಪಾದಕರ ಉತ್ತರ: ಪತ್ರ ಖಾರವಾಗಿದೆ, ಆದರೂ ಓದಿ ಖುಷಿಯಾಯಿತು. ಪ್ರತಿ ಜೂನ್ ಸಂಚಿಕೆಯನ್ನೂ ಗಮನ ಇಟ್ಟು ಓದಿದವರು ಮಾತ್ರ ಹೀಗೆ ಬರೆಯಬಲ್ಲರು. ನಿಮ್ಮ ಒಂದು ಮಾತನ್ನು ಒಪ್ಪುತ್ತೇನೆ. ಬೆರಳಿನ ವೇಗವನ್ನಷ್ಟೇ ನೋಡುವುದಾದರೆ ರೋರಿಯನ್ನು ಹಿಂದೆ ಹಾಕುವವರು ಇವತ್ತು ಖಂಡಿತ ಇದ್ದಾರೆ. ಅವರ ಸಾಧನೆ ದೊಡ್ಡದೇ.

ಆದರೆ ರೋರಿಯನ್ನು ಪ್ರೀತಿಸುವವರು ವೇಗ ನೋಡಿ ಪ್ರೀತಿಸಿದವರಲ್ಲ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಜನರನ್ನು ಕೇಳಿದರೆ ಅವರು ಹೇಳುವುದು ಒಂದೇ: ಯಾರೂ ಬಾರದಿದ್ದಾಗ ಅವನು ಬಂದ.

1970ರ ದಶಕದ ಬೆಲ್‌ಫಾಸ್ಟ್ ಹೇಗಿತ್ತು ಅಂತ ಸ್ವಲ್ಪ ನೆನೆಸಿಕೊಳ್ಳಿ. ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಜನರ ನಡುವಿನ ಸಂಘರ್ಷದ ಕಾಲ. ಬೀದಿಯಲ್ಲಿ ಸೈನಿಕರು, ಎಲ್ಲಿ ಬೇಕಾದರೂ ಸಿಡಿಯಬಹುದಾದ ಬಾಂಬು, ಕತ್ತಲಾದರೆ ಊರಿನ ನಡುಭಾಗ ಖಾಲಿ. ದೊಡ್ಡ ಬ್ಯಾಂಡ್‌ಗಳು ಆ ಊರಿನ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದವು. ಅವರನ್ನು ದೂರುವುದಕ್ಕೂ ಆಗುವುದಿಲ್ಲ. 1975ರ ಜುಲೈ 31ರಂದು ಮಯಾಮಿ ಶೋಬ್ಯಾಂಡ್ (ಊರೂರು ಸುತ್ತಿ ಕುಣಿತಕ್ಕೆ ನುಡಿಸುವ ಐರಿಷ್ ತಂಡ) ಕಾರ್ಯಕ್ರಮ ಮುಗಿಸಿ ವಾಪಸಾಗುತ್ತಿದ್ದಾಗ ಬಂದೂಕುಧಾರಿಗಳು ದಾರಿಯಲ್ಲಿ ಅವರ ವ್ಯಾನ್ ತಡೆದು ತಂಡದ ಮೂವರನ್ನು ಕೊಂದರು. ಹಾಡು ನುಡಿಸಿ ಮನೆಗೆ ಹೊರಟವರು ಅವರು, ಅಷ್ಟೇ. ರೋರಿ ಕೂಡ ಹದಿಹರೆಯದಲ್ಲಿ ಅಂಥದ್ದೇ ಒಂದು ಶೋಬ್ಯಾಂಡಿನಲ್ಲಿ ನುಡಿಸಿ ಬೆಳೆದವನು. ಆ ರಸ್ತೆಗಳ ಅಪಾಯ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ವರ್ಷ ವರ್ಷ ಬೆಲ್‌ಫಾಸ್ಟ್‌ನ ಅಲ್ಸ್ಟರ್ ಹಾಲ್‌ಗೆ ಹೋದ. ಹೊರಗೆ ಬೇರೆ ಬೇರೆ ಬೀದಿಗಳಲ್ಲಿ ಬದುಕುತ್ತಿದ್ದ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಹುಡುಗರು ಆ ಹಾಲ್ ಒಳಗೆ ಭುಜಕ್ಕೆ ಭುಜ ತಾಗಿಸಿ ನಿಂತು ಅವನನ್ನು ಕೇಳಿದರು. 1974ರಲ್ಲಿ ಬಂದ ‘ಐರಿಷ್ ಟೂರ್’ ಆಲ್ಬಂ ಬೆಲ್‌ಫಾಸ್ಟ್, ಡಬ್ಲಿನ್, ಕಾರ್ಕ್ ಊರುಗಳ ಕಾರ್ಯಕ್ರಮಗಳಲ್ಲಿ ಧ್ವನಿಮುದ್ರಿಸಿದ್ದು. ಸುಮ್ನೆ ಒಮ್ಮೆ ಜನರ ಕೂಗಿಗೆ ಕಿವಿ ಕೊಟ್ಟು ಅದನ್ನು ಕೇಳಿ. ಗಿಟಾರ್ ಆಮೇಲೆ ಕೇಳಿದರೂ ಆಗುತ್ತದೆ.

ಈಗ ಸ್ಟೋನ್ಸ್ ವಿಷಯಕ್ಕೆ ಬರೋಣ. 1975ರ ಜನವರಿ. ಮಿಕ್ ಟೇಲರ್ ಬಿಟ್ಟುಹೋದ ಜಾಗಕ್ಕೆ ಅವರು ಗಿಟಾರ್ ವಾದಕನನ್ನು ಹುಡುಕುತ್ತಿದ್ದರು. ರೋರಿಯನ್ನು ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ಗೆ ಕರೆಸಿಕೊಂಡರು. ಅವನು ಹೋದ, ಜೊತೆಗೆ ನುಡಿಸಿದ. ಆದರೆ ಅವನದೇ ಜಪಾನ್ ಪ್ರವಾಸ ಮೊದಲೇ ಗೊತ್ತಾಗಿತ್ತು. ಹೊರಡುವ ದಿನ ಬಂತು, ಹೊರಟುಬಿಟ್ಟ. ಆ ಜಾಗ ಕೊನೆಗೆ ರಾನ್ ವುಡ್‌ಗೆ ಸಿಕ್ಕಿತು. ಇದನ್ನು ನೀವು ಕೈಚೆಲ್ಲಿದ್ದು ಅನ್ನುತ್ತೀರಿ. ಜಪಾನಿನಲ್ಲಿ ಟಿಕೆಟ್ ಕೊಂಡು ಕಾಯುತ್ತಿದ್ದವರ ಕಡೆಯಿಂದ ಒಮ್ಮೆ ನೋಡಿ. ಬರುತ್ತೇನೆ ಅಂದವನು ಬಂದ. ಬೆಲ್‌ಫಾಸ್ಟ್‌ಗೆ ಹೋದ ಮನುಷ್ಯನೇ ಜಪಾನಿಗೂ ಹೋದದ್ದು. ಇದೇ ಗುಣದ ಮೇಲಿನ ಪ್ರೀತಿಗೆ ನಾನು ಅವನ ಬಗ್ಗೆ ಬರೆಯುತ್ತೇನೆ.

ಅವನ ಗಿಟಾರ್ ಚಿತ್ರವನ್ನು ಹತ್ತಿರದಿಂದ ನೋಡಿದ್ದೀರಾ? 1961ರ ಫೆಂಡರ್ ಸ್ಟ್ರ್ಯಾಟೊಕ್ಯಾಸ್ಟರ್. ಬೇರೊಬ್ಬ ವಾದಕ ಕೆಂಪು ಬಣ್ಣದ್ದು ಬೇಕೆಂದು ತರಿಸಿದಾಗ ಕಂದು ಹಳದಿ ಬಣ್ಣದ್ದು ಬಂತಂತೆ. ಹಾಗಾಗಿ ಅದು ಸೆಕೆಂಡ್ ಹ್ಯಾಂಡ್ ಆಗಿ ಕಾರ್ಕ್‌ನ ಅಂಗಡಿಗೆ ಬಂತು. 1963ರಲ್ಲಿ ಸುಮಾರು 100 ಪೌಂಡ್‌ಗೆ ಹದಿನೈದರ ಹುಡುಗ ರೋರಿ ಅದನ್ನು ಸಾಲದ ಮೇಲೆ ತಂದ. ಒಮ್ಮೆ ಡಬ್ಲಿನ್‌ನಲ್ಲಿ ಕಳುವಾಗಿ, ಮಳೆಯಲ್ಲಿ ನೆನೆದು, ಗೀರು ಬಿದ್ದು ವಾಪಸ್ ಸಿಕ್ಕಿತು. ಮೇಲಿನ ಬಣ್ಣ ಹಾಳೆ ಹಾಳೆಯಾಗಿ ಎದ್ದುಹೋಗಿ ಒಳಗಿನ ಮರ ಕಾಣುತ್ತದೆ. ಮುಂಗೈ ಒರಗುವ ಕಡೆ ಬಣ್ಣ ಅನ್ನುವುದೇ ಉಳಿದಿಲ್ಲ. ರಾತ್ರಿ ರಾತ್ರಿ ಗಂಟೆಗಟ್ಟಲೆ ನುಡಿಸಿದವನ ಬೆವರು ಅದನ್ನು ತಿಂದುಹಾಕಿದೆ. ಅವನು ಅದಕ್ಕೆ ಮತ್ತೆ ಬಣ್ಣ ಹೊಡೆಸಲಿಲ್ಲ.

ಈಗ ಅದೇ ಗಿಟಾರಿನ ನಕಲು ಮಾರಾಟಕ್ಕಿದೆ. ಕಾರ್ಖಾನೆಯಲ್ಲೇ ಬಣ್ಣ ಕೆರೆದು, ಅದೇ ಜಾಗದಲ್ಲಿ ಅದೇ ಗೀರು ಮಾಡಿ ಕೊಡುತ್ತಾರೆ. ಕೊಳ್ಳುವವರಿಗೆ ಅದು ಭಕ್ತಿಯೇ ಇರಬಹುದು. ನನಗೆ ಮಾತ್ರ ಸಂಕಟವಾಗುತ್ತದೆ. ಮೂವತ್ತು ವರ್ಷ ಊರೂರು ಸುತ್ತಿದ ಗುರುತನ್ನು ಮಧ್ಯಾಹ್ನದೊಳಗೆ ಮಾಡಿ ಮುಗಿಸಬಹುದು ಅಂದರೆ ಸುತ್ತಿದ್ದಕ್ಕೆ ಬೆಲೆ ಏನು ಉಳಿಯಿತು? ಸಂಗೀತದ ವ್ಯಾಪಾರ ಪೂರ್ತಿ ಹೀಗೇ ಆಗಿದೆ. ಹಾಡಿನ ಅರ್ಧ ನಿಮಿಷದ ತುಣುಕು ಓಡಿದರೆ ಸಾಕು, ಪೂರ್ತಿ ಹಾಡು ಯಾರಿಗೂ ಬೇಡ. ರೋರಿ ತನ್ನ ಹಾಡುಗಳನ್ನು ಸಿಂಗಲ್ ಆಗಿ, ಅಂದರೆ ಒಂದೊಂದೇ ಹಾಡಿನ ಬೇರೆ ರೆಕಾರ್ಡ್ ಆಗಿ, ಬಿಡುವುದಕ್ಕೇ ಒಪ್ಪುತ್ತಿರಲಿಲ್ಲ. ಹಿಟ್ ಬರದಿದ್ದರೂ ಪರವಾಗಿಲ್ಲ, ಜನ ಆಲ್ಬಂ ಕೇಳಲಿ, ಹಾಲ್‌ಗೆ ಬರಲಿ ಅನ್ನುವ ಹಟ. ಅಷ್ಟಾದರೂ ಕೋಟಿಗಟ್ಟಲೆ ಆಲ್ಬಂ ಮಾರಾಟವಾಯಿತು ಅಲ್ವಾ?

ಇನ್ನು ಕುಡಿತ. ಮುಚ್ಚಿಡುವಂಥದ್ದು ಏನೂ ಇಲ್ಲ. ಕೊನೆಯ ವರ್ಷಗಳಲ್ಲಿ ಅವನಿಗೆ ವಿಮಾನ ಹತ್ತಲು ವಿಪರೀತ ಭಯ. ಭಯಕ್ಕೆ ವೈದ್ಯರು ಕೊಟ್ಟ ಮಾತ್ರೆ, ಅದರ ಜೊತೆ ಮದ್ಯ. ಎರಡೂ ಸೇರಿ ಲಿವರ್ ಹಾಳಾಯಿತು. 1995ರ ಜನವರಿಯಲ್ಲಿ ನೆದರ್ಲೆಂಡ್ಸ್‌ನಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟಾಗಲೇ ನೋಡಿದವರಿಗೆ ಗೊತ್ತಾಗುವಷ್ಟು ಸೊರಗಿದ್ದ. ಲಂಡನ್‌ನಲ್ಲಿ ಲಿವರ್ ಕಸಿ ಆಯಿತು, ಆಮೇಲೆ ಸೋಂಕು ತಗುಲಿ ಜೂನ್ 14ರಂದು ತೀರಿಕೊಂಡ. 47 ವರ್ಷ. ಭಯ ಇದ್ದೂ ಪ್ರವಾಸ ಬಿಡಲಿಲ್ಲ ಅನ್ನುವುದನ್ನು ಇದರ ಜೊತೆಗೇ ಇಟ್ಟು ನೋಡಿ.

ನನ್ನ ದೊಡ್ಡ ದೂರು ಇಲ್ಲಿದೆ. ಸಂಗೀತಗಾರ ಸತ್ತರೆ ನಮ್ಮ ವೃತ್ತಿಯವರು ಮೊದಲು ಕೇಳುವುದು ಹೇಗೆ ಸತ್ತ, ಎಷ್ಟು ವಯಸ್ಸು ಅಂತ. ಹೆಂಡ್ರಿಕ್ಸ್, ಜಾನಿಸ್ ಜಾಪ್ಲಿನ್, ಕರ್ಟ್ ಕೊಬೇನ್ ಎಲ್ಲರೂ 27ಕ್ಕೆ ಹೋದರು ಅಂತ ಆ ಅಂಕಿಯನ್ನೇ ಒಂದು ಕಥೆ ಮಾಡಿ ಎಷ್ಟು ಪುಟ ತುಂಬಿಸಿದ್ದಾರೆ! ಹೆಂಡ್ರಿಕ್ಸ್ ನುಡಿಸಿದ್ದರ ಬಗ್ಗೆ ಅದರಲ್ಲಿ ಕಾಲು ಭಾಗವೂ ಇರುವುದಿಲ್ಲ. ರೋರಿಯ ಸಾವು ಅಂಥ ಯಾವ ಕಥೆಗೂ ಹೊಂದುವುದಿಲ್ಲ. ಹಾಗಾಗಿ ಪಟ್ಟಿ ಮಾಡುವವರು ಅವನನ್ನು ಸಲೀಸಾಗಿ ಬಿಟ್ಟುಬಿಡುತ್ತಾರೆ. ನೀವೂ ಆ ಪಟ್ಟಿಗಳನ್ನೇ ಜಾಸ್ತಿ ಓದುತ್ತಿದ್ದೀರಿ ಅಂತ ನನ್ನ ಗುಮಾನಿ. ಓದುವುದು ಕಡಿಮೆ ಮಾಡಿ, ಕೇಳುವುದು ಜಾಸ್ತಿ ಮಾಡಿ.

ಪಟ್ಟಿಯವರು ಮರೆತರೂ ಊರಿನವರು ಮರೆತಿಲ್ಲ. ಹುಟ್ಟಿದೂರು ಬ್ಯಾಲಿಶಾನನ್‌ನಲ್ಲಿ ಅವನ ಹೆಸರಲ್ಲಿ ವರ್ಷ ವರ್ಷ ಉತ್ಸವ ನಡೆಯುತ್ತದೆ, 2010ರಿಂದ ಪ್ರತಿಮೆಯೂ ಇದೆ. 2024ರ ಅಕ್ಟೋಬರ್‌ನಲ್ಲಿ ಆ ಗಿಟಾರ್ ಲಂಡನ್‌ನಲ್ಲಿ ಹರಾಜಿಗೆ ಬಂದಾಗ ಎಲ್ಲಿ ಯಾರದೋ ತಿಜೋರಿ ಸೇರುತ್ತದೋ ಅಂತ ಅಭಿಮಾನಿಗಳು ಹೆದರಿದ್ದರು. ಸುಮಾರು 9 ಲಕ್ಷ ಪೌಂಡ್‌ಗೆ ಕೊಂಡವರು ಅದನ್ನು ಐರ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಂಗೆ ಕೊಟ್ಟರು. 2025ರ ಜನವರಿಯಲ್ಲಿ ಬೆಲ್‌ಫಾಸ್ಟ್‌ನಲ್ಲೂ ಅವನ ಪ್ರತಿಮೆ ಎದ್ದಿತು, ಅದೇ ಅಲ್ಸ್ಟರ್ ಹಾಲ್ ಹೊರಗೆ.

ಚುರುಕಾಗಿ ನುಡಿಸುವ ಹೊಸಬರು ಇದ್ದಾರೆ ಅಂದಿರಲ್ಲ, ಅವರಲ್ಲಿ ನಿಮಗೆ ಇಷ್ಟವಾದ ಒಬ್ಬರ ಬಗ್ಗೆ ಮುಂದಿನ ಜೂನ್ ಸಂಚಿಕೆಗೆ ನೀವೇ ಬರೆಯಿರಿ. ಎರಡು ಪುಟ ಬಿಡುತ್ತೇನೆ. ರೋರಿಯ ಪುಟ ಕಡಿಮೆ ಮಾಡುವುದಿಲ್ಲ.