ಬಳ್ಳಾರಿ ಬಿಸಿಲಲ್ಲಿ ಎರಡು ಪಗ್

ಬಳ್ಳಾರಿಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಮಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಹೊರಡುವಾಗ ತನ್ನ ಎರಡು ಪಗ್ ನಾಯಿಗಳನ್ನು ಅಪ್ಪ ಅಮ್ಮನ ಹತ್ತಿರ ಬಿಟ್ಟುಹೋದ. ಗಂಡು ಗುಂಡ, ಹೆಣ್ಣು ಪುಟ್ಟಿ. ಒಂದೇ ಸೂಲಿನ ಮರಿಗಳು, ಈಗ ಮೂರು ವರ್ಷ. “ರಾತ್ರಿ ಹನ್ನೊಂದಾದರೆ ಮನೆ ರೈಸ್ ಮಿಲ್ ಆಗುತ್ತದೆ. ನೆಂಟರು ಬಂದರೆ ಗೊರಕೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ನಗುತ್ತಾರೆ. ನಮಗೂ ನಗು ಬರುತ್ತದೆ. ಆದರೆ ಇದು ಮಾಮೂಲೇ? ಬೇಸಿಗೆ ಬೇರೆ ಬರುತ್ತಿದೆ” ಎಂದು ಕೇಳಿದ್ದಾರೆ. ಊಟದ ಜಗಳ, ಮರಿ ಹಾಕಿಸುವ ಮಾತು, ಒಂದನ್ನು ನೆಂಟರಿಗೆ ಕೊಡುವ ಮಾತು ಕೂಡ ಪತ್ರದಲ್ಲಿದೆ.

ನಮ್ಮ ಮನೆಯಲ್ಲೂ ಪಗ್‌ಗಳದೇ ಒಂದು ಜೋಡಿ ಇದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಗೊರಕೆಯಿಂದಲೇ ಶುರು ಮಾಡುತ್ತೇನೆ. ಪಗ್‌ಗಳಲ್ಲಿ ಗೊರಕೆ ಸಾಮಾನ್ಯ, ನಿಜ. ಸಾಮಾನ್ಯ ಅಂದ ಮಾತ್ರಕ್ಕೆ ಅದು ಆರೋಗ್ಯ ಅಂತಲ್ಲ. ಈ ನಾಯಿಯ ಮುಖವನ್ನು ಮನುಷ್ಯ ತಲೆಮಾರಿನಿಂದ ತಲೆಮಾರಿಗೆ ಚಪ್ಪಟೆ ಮಾಡುತ್ತಾ ಬಂದ. ಹೊರಗಿನ ಮೂಳೆ ಗಿಡ್ಡವಾಯಿತು, ಒಳಗಿನ ಮಾಂಸ ಮಾತ್ರ ಅಷ್ಟೇ ಉಳಿಯಿತು. ಮೂಗಿನ ಹೊಳ್ಳೆ ಬರೀ ಒಂದು ಸೀಳು. ಬಾಯಿಯ ಮೇಲುಗಡೆಯ ಮೆತ್ತನೆಯ ಅಂಗಳು ಉದ್ದವಾಗಿ ಗಂಟಲಿನೊಳಕ್ಕೆ ಇಳಿಬಿದ್ದು ಗಾಳಿಗೆ ಅಡ್ಡ ಬರುತ್ತದೆ. ಕೆಲವಕ್ಕೆ ಶ್ವಾಸನಾಳವೇ ಸಣ್ಣ. ಉಸಿರು ಎಳೆದಾಗ ಇದೆಲ್ಲ ಅದುರುತ್ತದಲ್ಲ, ಅದೇ ನಿಮ್ಮ ನೆಂಟರು ರೆಕಾರ್ಡ್ ಮಾಡಿಕೊಳ್ಳುವ ಸದ್ದು.

ಪಗ್ ಮೊದಲಿನಿಂದ ಹೀಗೇ ಇತ್ತು ಅಂತಲೂ ಅಲ್ಲ. ಚೀನಾದಿಂದ ಹಾಲೆಂಡಿಗೆ, ಅಲ್ಲಿಂದ ಇಂಗ್ಲೆಂಡಿಗೆ ಹೋದ ನಾಯಿ ಇದು. ಹೊಗಾರ್ತ್ ಎಂಬ ಇಂಗ್ಲಿಷ್ ಚಿತ್ರಕಾರ 1745ರಲ್ಲಿ ತನ್ನದೇ ಚಿತ್ರ ಬರೆದುಕೊಂಡಾಗ ತನ್ನ ಪಗ್ ಅನ್ನೂ ಮುಂದೆ ಕೂರಿಸಿದ. ಆ ನಾಯಿಗೆ ಒಂದು ಮೂತಿ ಇದೆ! ಇವತ್ತಿನ ಪಗ್ ಪಕ್ಕದಲ್ಲಿಟ್ಟು ನೋಡಿದರೆ ಬೇರೆ ಜಾತಿಯೇ ಅನ್ನಿಸುತ್ತದೆ. 2022ರಲ್ಲಿ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು ಬ್ರಿಟನ್ನಿನ ಪಗ್‌ಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಮೂತಿ ಚಪ್ಪಟೆಯಾದ್ದರಿಂದ ಬರುವ ಉಸಿರಾಟದ ತೊಂದರೆ ಇವಕ್ಕೆ ಬರುವ ಸಾಧ್ಯತೆ ಬೇರೆ ನಾಯಿಗಳಿಗಿಂತ 50 ಪಟ್ಟಿಗೂ ಜಾಸ್ತಿ ಎಂದು ಅದರಲ್ಲಿದೆ.

ನೀವು ಮನೆಯಲ್ಲೇ ಗಮನಿಸಬಹುದಾದದ್ದು ಇಷ್ಟು. ನಿದ್ದೆಯಲ್ಲಿ ಗೊರಕೆ ಬಂದರೆ ಒಂದು ಲೆಕ್ಕ, ಎಚ್ಚರವಾಗಿ ಸುಮ್ನೆ ಕೂತಾಗಲೂ ಗರಗರ ಸದ್ದು ಬಂದರೆ ಇನ್ನೊಂದು ಲೆಕ್ಕ. ನಿದ್ದೆಯಿಂದ ಗಾಬರಿಯಾಗಿ ಎದ್ದು ಉಸಿರಿಗೆ ಒದ್ದಾಡುವುದು, ಉಂಡ ಮೇಲೆ ಬಿಳಿ ನೊರೆ ಕಕ್ಕುವುದು, ಕೂತಲ್ಲೇ ತೂಕಡಿಸುವುದು, ಇವುಗಳಲ್ಲಿ ಯಾವುದಿದ್ದರೂ ಬರೆದಿಟ್ಟುಕೊಳ್ಳಿ. ನಮ್ಮ ಮನೆಯ ಹೆಣ್ಣು ಯಾವಾಗಲೂ ಚಪ್ಪಲಿ ಸ್ಟ್ಯಾಂಡಿನ ಅಂಚಿಗೆ ಗದ್ದ ಆನಿಸಿಯೇ ಮಲಗುತ್ತಿತ್ತು. ಬಂದವರೆಲ್ಲ ಫೋಟೊ ತೆಗೆಯುತ್ತಿದ್ದರು. ಗಂಟಲು ತೆರೆದಿಟ್ಟುಕೊಳ್ಳಲು ಅದು ಕಂಡುಕೊಂಡ ಉಪಾಯ ಅದು ಅಂತ ಡಾಕ್ಟರು ಹೇಳಿದರು. ಆಮೇಲೆ ಹೊಳ್ಳೆ ಅಗಲ ಮಾಡುವ ಸಣ್ಣ ಆಪರೇಷನ್ ಆಯಿತು. ಈಗ ನೆಲದ ಮೇಲೆ ಚಪ್ಪಟೆಯಾಗಿ ಮಲಗುತ್ತದೆ. ಗೊರಕೆ ಪೂರ್ತಿ ನಿಂತಿಲ್ಲ, ಒದ್ದಾಟ ನಿಂತಿದೆ.

ಇನ್ನೊಂದು ಸದ್ದು ಇದೆ, ಅದಕ್ಕೆ ಹೆದರಬೇಡಿ. ನಾಯಿ ಇದ್ದಕ್ಕಿದ್ದಂತೆ ನಿಂತು, ಕತ್ತು ಚಾಚಿ, ಮೂಗಿನಿಂದ ಉಸಿರನ್ನು ಒಳಕ್ಕೆ ಎಳೆಯುತ್ತಾ ‘ಹೊಂಕ್ ಹೊಂಕ್’ ಎನ್ನುತ್ತದೆ. ನೋಡಿದವರಿಗೆ ಜೀವ ಹೋಗುತ್ತಿದೆ ಅನ್ನಿಸುತ್ತದೆ. ಅದು ಉಲ್ಟಾ ಸೀನು. ಕತ್ತು ನಿಧಾನಕ್ಕೆ ಸವರಿ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ತಾನಾಗಿ ನಿಲ್ಲುತ್ತದೆ. ಪದೇ ಪದೇ ಬಂದರೆ ಮಾತ್ರ ತೋರಿಸಿ.

ಇನ್ನು ನಿಮ್ಮ ಊರಿನ ಬಿಸಿಲು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಹೊರಚಾಚಿ ಏದುಸಿರು ಬಿಟ್ಟು, ಬಾಯಿಯ ತೇವ ಆರಿಸಿಯೇ ಮೈ ತಂಪು ಮಾಡಿಕೊಳ್ಳಬೇಕು. ಉಸಿರೇ ಕಷ್ಟವಾದ ನಾಯಿಗೆ ಈ ದಾರಿಯೂ ಅರ್ಧ ಮುಚ್ಚಿದ ಹಾಗೆ. ಜೋರಾಗಿ ಏದುಸಿರು ಬಿಟ್ಟಷ್ಟೂ ಗಂಟಲು ಒಳಗೆ ಊದಿಕೊಳ್ಳುತ್ತದೆ, ಗಾಳಿ ಇನ್ನೂ ಕಡಿಮೆಯಾಗುತ್ತದೆ. ಹತ್ತು ನಿಮಿಷದಲ್ಲಿ ಪರಿಸ್ಥಿತಿ ಕೈಮೀರಬಹುದು. ಅದಕ್ಕೇ ಮಾರ್ಚಿನಿಂದ ಜೂನಿನವರೆಗೆ ವಾಕಿಂಗ್ ಅಂದರೆ ಬೆಳಗ್ಗೆ ಆರಕ್ಕೆ ಮುಂಚೆ, ರಾತ್ರಿ ಎಂಟರ ನಂತರ. ಸಂಜೆ ಆರಕ್ಕೆ ಗಾಳಿ ತಂಪಾದರೂ ಡಾಂಬರು ತಂಪಾಗಿರುವುದಿಲ್ಲ. ಅಂಗೈಯ ಹಿಂಭಾಗವನ್ನು ರಸ್ತೆಗೆ ಇಟ್ಟು ಏಳು ಎಣಿಸಿ. ಅಷ್ಟು ಹೊತ್ತು ಇಡಲು ಆಗಲಿಲ್ಲ ಅಂದರೆ ನಾಯಿಯನ್ನೂ ಇಳಿಸಬೇಡಿ.

ಒಂದು ವಿಷಯದಲ್ಲಿ ನೀವು ಅದೃಷ್ಟವಂತರು. ಬಳ್ಳಾರಿಯದು ಒಣ ಸೆಕೆ. ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರಿನಲ್ಲಿ ಪಗ್ ಸಾಕಿದವರನ್ನು ಕೇಳಿ, ಅಲ್ಲಿ ಗಾಳಿಯಲ್ಲೇ ನೀರಿದೆ, ನಾಲಿಗೆ ತೇವ ಆರುವುದೇ ಇಲ್ಲ. ಮಧ್ಯಾಹ್ನ ಕೂಲರ್ ಇರುವ ಕೋಣೆಯಲ್ಲೇ ಎರಡನ್ನೂ ಇಡಿ. ಕರೆಂಟು ಹೋಗುವ ಊರು, ಅದಕ್ಕೆ ಬಚ್ಚಲಮನೆಯ ಬಾಗಿಲು ತೆರೆದಿಟ್ಟಿರಿ. ಕಡಪ ಕಲ್ಲಿನ ನೆಲ ಎಲ್ಲಿ ತಣ್ಣಗಿದೆ ಅಂತ ಅವು ನಿಮಗಿಂತ ಮೊದಲು ಹುಡುಕಿಕೊಳ್ಳುತ್ತವೆ.

ಉಸಿರು ವಿಪರೀತ ಜೋರಾಗಿ, ಜೊಲ್ಲು ಅಂಟಂಟಾಗಿ, ನಾಲಿಗೆ ಕಡುಕೆಂಪು ಅಥವಾ ನೀಲಿಗೆ ತಿರುಗಿದರೆ ಒಂದು ಕ್ಷಣವೂ ಕಾಯಬೇಡಿ. ನೆರಳಿಗೆ ತನ್ನಿ. ನಲ್ಲಿ ನೀರನ್ನು ಮೈಮೇಲೆ, ಹೊಟ್ಟೆಗೆ, ಕಾಲಿಗೆ ಸುರಿಯುತ್ತಾ ಫ್ಯಾನ್ ಹಾಕಿ. ಒದ್ದೆ ಟವೆಲ್ ಹೊದಿಸಬೇಡಿ, ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ. ಬಾಯಿಗೆ ನೀರು ಒತ್ತಾಯಿಸಿ ಹೊಯ್ಯಬೇಡಿ. ಮೊದಲು ತಂಪು, ಆಮೇಲೆ ಡಾಕ್ಟರು. ಚೇತರಿಸಿಕೊಂಡ ಹಾಗೆ ಕಂಡರೂ ಡಾಕ್ಟರಿಗೆ ತೋರಿಸಲೇಬೇಕು, ಯಾಕೆಂದರೆ ಒಳಗಿನ ಅಂಗಗಳಿಗೆ ಆದ ಪೆಟ್ಟು ಒಂದೆರಡು ದಿನ ಬಿಟ್ಟು ಗೊತ್ತಾಗುತ್ತದೆ.

ಗುಂಡ 12 ಕೆಜಿ ಇದ್ದಾನೆ, “ಒಳ್ಳೆ ಮೈ ಕಟ್ಟಿದ್ದಾನೆ” ಎಂದು ಬರೆದಿದ್ದೀರಿ. ಇಲ್ಲ ಸ್ವಾಮಿ, ಇದು ಮೈ ಕಟ್ಟಿದ್ದಲ್ಲ. ಪಗ್ ಇರಬೇಕಾದ ತೂಕ ಹೆಚ್ಚುಕಡಿಮೆ ಆರೂವರೆಯಿಂದ ಎಂಟು ಕೆಜಿ. ಕೊಬ್ಬು ಹೊಟ್ಟೆಯಲ್ಲಿ ಮಾತ್ರ ಕೂರುವುದಿಲ್ಲ, ಗಂಟಲಿನ ಸುತ್ತಲೂ ಕೂರುತ್ತದೆ. ಮೊದಲೇ ಕಿರಿದಾದ ದಾರಿಗೆ ಹೊರಗಿನಿಂದಲೂ ಒತ್ತಡ. ಗೊರಕೆ ಕಡಿಮೆ ಮಾಡಲು ಖರ್ಚಿಲ್ಲದ ಔಷಧಿ ಅಂದರೆ ತೂಕ ಇಳಿಸುವುದು. ಪಕ್ಕೆಯ ಮೇಲೆ ಬೆರಳಾಡಿಸಿದರೆ ಎಲುಬು ಕೈಗೆ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಅಲ್ಲಿಯವರೆಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತು ಬಂದ್.

ಊಟದ ಜಗಳಕ್ಕೂ ಇದಕ್ಕೂ ಸಂಬಂಧ ಇದೆ. ನಿಮ್ಮ ಪತ್ರ ನೋಡಿದರೆ ಗುಂಡ ತನ್ನದನ್ನು ನಿಮಿಷದಲ್ಲಿ ನುಂಗಿ ಪುಟ್ಟಿಯ ತಟ್ಟೆಗೆ ಬಾಯಿ ಹಾಕುತ್ತಾನೆ, ಅವಳು ಸಿಟ್ಟಾಗುತ್ತಾಳೆ. ತಪ್ಪು ಅವಳದಲ್ಲ! ಎರಡಕ್ಕೂ ಬೇರೆ ಬೇರೆ ಕೋಣೆಯಲ್ಲಿ ಹಾಕಿ, ಬಾಗಿಲು ಮುಚ್ಚಿ, ಇಬ್ಬರದೂ ಮುಗಿದ ಮೇಲೆ ತಟ್ಟೆ ಎತ್ತಿಟ್ಟು ಬಾಗಿಲು ತೆಗೆಯಿರಿ. ಚಪ್ಪಟೆ ಮೂತಿಯ ನಾಯಿ ಗಬಗಬ ತಿಂದರೆ ಗಾಳಿಯನ್ನೂ ನುಂಗುತ್ತದೆ, ಆಮೇಲೆ ಕಕ್ಕುತ್ತದೆ. ನಮ್ಮಲ್ಲಿ ಹಳೆಯ ಇಡ್ಲಿ ತಟ್ಟೆ ಇದೆ. ಒಂದೊಂದು ಗುಳಿಗೂ ಇಷ್ಟಿಷ್ಟು ಹಾಕಿದರೆ, ನಾಲಿಗೆ ತಿರುಗಿಸಿ ತಿರುಗಿಸಿ ತೆಗೆಯಬೇಕು. ಎರಡು ನಿಮಿಷದ ಊಟ ಹತ್ತು ನಿಮಿಷ ಆಗುತ್ತದೆ. ಸಾವಿರ ರೂಪಾಯಿಯ ತಟ್ಟೆ ಬೇಕಾಗಿಲ್ಲ.

ಮನೆ ಅಡುಗೆ ಹಾಕುತ್ತೀರಿ ಅಂದಿದ್ದೀರಿ. ಅನ್ನ, ಬೇಯಿಸಿದ ಕೋಳಿ ಅಥವಾ ಮೊಟ್ಟೆ, ಕ್ಯಾರೆಟ್, ಬೀನ್ಸ್ ಪರವಾಗಿಲ್ಲ, ಪ್ರಮಾಣವನ್ನು ಡಾಕ್ಟರ ಹತ್ತಿರ ಕೇಳಿ. ಈರುಳ್ಳಿ ಮಾತ್ರ ಯಾವ ರೂಪದಲ್ಲೂ ಬೇಡ, ನಾಯಿಯ ರಕ್ತದ ಕೆಂಪು ಕಣಗಳನ್ನು ಅದು ಒಡೆಯುತ್ತದೆ. ಅಂದರೆ ನಿಮ್ಮ ಕಡೆಯ ಒಗ್ಗರಣಿ ಮಂಡಕ್ಕಿ, ಸುಸಲಾ ಎಲ್ಲ ಔಟ್. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ವಿಷ. ಹಬ್ಬದ ದಿನ ಪಾಯಸದ ಪಾತ್ರೆ ನೆಕ್ಕಲು ಇಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಮೈ ಕಾಳಜಿ ಬೇಗ ಹೇಳಿ ಮುಗಿಸುತ್ತೇನೆ. ಕೂದಲು ಉದುರುತ್ತದೆ, ವರ್ಷಪೂರ್ತಿ ಉದುರುತ್ತದೆ, ಬ್ರಷ್ ಮಾಡಿ, ಅದಕ್ಕೆ ಬೇರೆ ಉಪಾಯ ಇಲ್ಲ. ಮೂಗಿನ ಮೇಲಿನ ಮಡಿಕೆ ಮಾತ್ರ ದಿನಾ ನೋಡಬೇಕು. ಹೆಬ್ಬೆರಳಿನಿಂದ ಮಡಿಕೆಯನ್ನು ಮೆಲ್ಲಗೆ ಮೇಲಕ್ಕೆತ್ತಿ. ಒಳಗೆ ಗುಲಾಬಿ ಬಣ್ಣದ ಒಣ ಚರ್ಮ ಕಂಡರೆ ಸರಿ. ಕಂದು ಬಣ್ಣದ ಜಿಡ್ಡು, ಹುಳಿ ವಾಸನೆ ಇದ್ದರೆ ಸೋಂಕು ಶುರುವಾಗಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಪೂರ್ತಿ ಒಣಗಿಸಿ. ಕೊಬ್ಬರಿ ಎಣ್ಣೆ, ಪೌಡರ್ ಹಾಕಬೇಡಿ. ಕಣ್ಣುಗಳು ಹೊರಗೆ ಚಾಚಿಕೊಂಡಿರುವುದರಿಂದ ಆಟದಲ್ಲಿ ಒಂದರ ಉಗುರು ಇನ್ನೊಂದರ ಕಣ್ಣಿಗೆ ತಾಗುವುದು ಜೋಡಿ ಸಾಕಿದವರ ಮನೆಯಲ್ಲಿ ಹೊಸದೇನಲ್ಲ. ಉಗುರು ಕತ್ತರಿಸಿಡಿ. ಒಂದು ಕಣ್ಣು ಅರ್ಧ ಮುಚ್ಚಿಕೊಂಡೇ ಇದ್ದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಕರೆದುಕೊಂಡು ಹೋಗಿ. ಕತ್ತಿನ ಪಟ್ಟಿಯ ಬದಲು ಎದೆಗೆ ಕಟ್ಟುವ ಹಾರ್ನೆಸ್ ಬಳಸಿ. ಪಟ್ಟಿ ಎಳೆದರೆ ಉಸಿರಿಗೂ ಕಷ್ಟ, ಕಣ್ಣಿಗೂ ಕಷ್ಟ.

ಈಗ ಮರಿ ವಿಚಾರ. “ಜೋಡಿ ಇದೆಯಲ್ಲ, ಮರಿ ಹಾಕಿಸಿ, ಒಳ್ಳೆ ರೇಟು ಬರುತ್ತೆ” ಎಂದು ನಿಮ್ಮ ಪರಿಚಯದವರು ಹೇಳಿದ್ದಾರಂತೆ. ಬೇಡ. ಮೊದಲನೆಯದಾಗಿ ಇವು ಅಣ್ಣ ತಂಗಿ. ನಾಯಿಗಳಿಗೆ ಅದರ ಹಂಗಿಲ್ಲ, ಹಾಗಾಗಿ ಪುಟ್ಟಿ ಮುಂದಿನ ಸಲ ಬೆದೆಗೆ ಬಂದಾಗ ನೀವು ಬೇಡ ಅಂದರೂ ನಡೆದುಹೋಗುತ್ತದೆ. ಇಲ್ಲಿಯವರೆಗೆ ಹೇಗೆ ತಪ್ಪಿತೋ, ನನಗಂತೂ ಆಶ್ಚರ್ಯ. ಎರಡನೆಯದು, ಪಗ್ ಮರಿಗಳ ತಲೆ ದೊಡ್ಡದು, ತಾಯಿಯ ಸೊಂಟ ಕಿರಿದು. ಎಷ್ಟೋ ಬಾರಿ ಸಿಸೇರಿಯನ್ನೇ ಗತಿ. ಕಾನೂನೂ ಇದೆ. 2017ರ ನಿಯಮದ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ.

ಇದೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಬೇರೆ. ನಮ್ಮ ಬೀದಿಯಲ್ಲಿ ಇವತ್ತಿಗೂ ಇವುಗಳಿಗೆ ‘ಹಚ್ ನಾಯಿ’ ಎಂದೇ ಹೆಸರು. 2003ರ ಆ ಮೊಬೈಲ್ ಕಂಪನಿಯ ಜಾಹೀರಾತು, ಹುಡುಗ ಹೋದಲ್ಲೆಲ್ಲ ಹಿಂದೆ ಹಿಂದೆ ಬರುವ ಪಗ್, ನಿಮಗೂ ನೆನಪಿರಬೇಕು. ಅದನ್ನು ತಯಾರಿಸಿದ್ದು ನಮ್ಮ ಬೆಂಗಳೂರಿನದೇ ನಿರ್ವಾಣ ಫಿಲ್ಮ್ಸ್. ಚೆಂದದ ಜಾಹೀರಾತು, ಅದರಲ್ಲಿ ಅನುಮಾನ ಇಲ್ಲ. ಆದರೆ ಅದನ್ನು ನೋಡಿ ಪಗ್ ಬೇಕೆಂದವರು ಎಷ್ಟು ಮಂದಿ, ಅವರಿಗಾಗಿ ಒಂದೇ ಜೋಡಿಯಿಂದ ಮತ್ತೆ ಮತ್ತೆ ಮರಿ ತೆಗೆದವರು ಎಷ್ಟು ಮಂದಿ! ಅತ್ತ ನೆದರ್‌ಲ್ಯಾಂಡ್ಸ್‌ನಲ್ಲಿ 2019ರಿಂದ ಮೂತಿ ತೀರಾ ಗಿಡ್ಡ ಇರುವ ನಾಯಿಗಳಿಂದ ಮರಿ ಮಾಡಿಸುವುದಕ್ಕೆ ತಡೆ ಹಾಕಿದ್ದಾರೆ. ಮೇಲೆ ಹೇಳಿದ ಹಾಲೆಂಡೇ ಅದು, ಪಗ್ ಯುರೋಪಿನಲ್ಲಿ ಮೊದಲು ಮೆರೆದ ದೇಶ. ಇರುವ ಎರಡನ್ನು ಚೆನ್ನಾಗಿ ಸಾಕೋಣ, ಉಸಿರಿಗೆ ಒದ್ದಾಡುವ ಇನ್ನೊಂದು ಸೂಲು ನಮ್ಮ ಕೈಯಿಂದ ಬೇಡ ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ಪಗ್ ಮುದ್ದಾಗಿದೆ ಎಂದು ಹೇಳಿಕೊಂಡೇ ಇದನ್ನೂ ಹೇಳಬಹುದು, ಅಲ್ವಾ?

ಆದ್ದರಿಂದ ಎರಡಕ್ಕೂ ಸಂತಾನಹರಣ ಚಿಕಿತ್ಸೆ ಮಾಡಿಸಿ. ಹೆಣ್ಣಿಗೆ ಮುಂದೆ ಗರ್ಭಕೋಶದಲ್ಲಿ ಕೀವಾಗುವ ಅಪಾಯವೂ ತಪ್ಪುತ್ತದೆ. ಪಗ್‌ಗೆ ಅರಿವಳಿಕೆ ಕೊಡುವುದರಲ್ಲಿ ಎಚ್ಚರ ಬೇಕು. ನಾಯಿಗೆ ಪೂರ್ತಿ ಎಚ್ಚರವಾಗುವವರೆಗೂ, ಉಸಿರಾಟಕ್ಕೆಂದು ಗಂಟಲಿಗೆ ಹಾಕಿದ ನಳಿಗೆಯನ್ನು ಬೇಗ ತೆಗೆಯದೆ, ಪಕ್ಕದಲ್ಲೇ ನಿಂತು ನೋಡುವ ಡಾಕ್ಟರು ಬೇಕು. ಅದೇ ಅರಿವಳಿಕೆಯಲ್ಲಿ ಹೊಳ್ಳೆ, ಅಂಗಳು ಎರಡನ್ನೂ ನೋಡಿ ಎಂದು ಮೊದಲೇ ಕೇಳಿಕೊಳ್ಳಿ. ಅಗತ್ಯವಿದ್ದರೆ ಒಂದೇ ಸಲಕ್ಕೆ ಸರಿಪಡಿಸಬಹುದು. ನಿಮ್ಮೂರಲ್ಲಿ ಸೌಕರ್ಯ ಸಾಲದಿದ್ದರೆ ಗದಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಬೆಂಗಳೂರಿಗೆ ಬರುವುದಾದರೆ ಹೆಬ್ಬಾಳದ ಕಾಲೇಜಿದೆ. ಬೇಸಿಗೆಗೆ ಮುಂಚೆ ಹೋಗಿ, ರಾತ್ರಿ ಪ್ರಯಾಣ ಮಾಡಿ.

ಹೊಸಪೇಟೆಯ ನೆಂಟರು “ಮಕ್ಕಳ ಆಟಕ್ಕೆ ಒಂದನ್ನು ಕೊಡಿ” ಅನ್ನುತ್ತಿದ್ದಾರಂತೆ. ಊಟದ ಜಗಳ ಬಿಡಿಸಿದ ಮೇಲೆ ಕೊಡುವ ಕಾರಣವೇ ಉಳಿಯುವುದಿಲ್ಲ ಎಂದು ನನ್ನ ಲೆಕ್ಕ. ವಯಸ್ಸಿನ ಕಾರಣಕ್ಕೆ ಎರಡನ್ನು ನೋಡಿಕೊಳ್ಳಲು ಆಗುತ್ತಿಲ್ಲ ಎಂದಾದರೆ ಅದು ಬೇರೆ ಮಾತು. ಆಗಲೂ ಮೊದಲು ಕೇಳಬೇಕಾದ್ದು ಪುಣೆಯ ಮಗನನ್ನು. ಮಧ್ಯಾಹ್ನದ ಬಿಸಿಲಲ್ಲಿ ಚೆಂಡು ಎಸೆದು ಓಡಿಸುವ ಮಕ್ಕಳಿರುವ ಮನೆಗಂತೂ ಪಗ್ ಬೇಡ. ಓಡುವ ನಾಯಿ ಬೇಕಿದ್ದರೆ ಅವರು ತಮ್ಮ ಬೀದಿಯ ಮರಿಯನ್ನೇ ಸಾಕಲಿ. ಮೂತಿ ಉದ್ದ, ಬಿಸಿಲು ಅಭ್ಯಾಸ, ರೇಟೂ ಇಲ್ಲ.

ಪತ್ರದ ಅಂಚಿನಲ್ಲಿ ನಿಮ್ಮ ಹೆಂಡತಿ ಬೇರೆ ಪೆನ್ನಿನಲ್ಲಿ ಒಂದು ಸಾಲು ಬರೆದಿದ್ದಾರೆ: “ಇವನ್ನು ಮಂಚದ ಮೇಲೆ ಮಲಗಿಸಬಹುದಾ? ಇವರು ಬೇಡ ಅಂತಾರೆ.” ಮಲಗಿಸಬಹುದು ತಾಯಿ. ರಕ್ತ ಹೀರುವ ಉಣ್ಣೆ ಹುಳ ಇಲ್ಲ ಎಂದು ಕಿವಿ ಸಂದಿ, ಕಾಲ್ಬೆರಳ ಸಂದಿ ನೋಡಿಕೊಳ್ಳಿ. ಮಂಚದಿಂದ ಹಾರಲು ಬಿಡಬೇಡಿ, ಈ ಜಾತಿಗೆ ಬೆನ್ನುಮೂಳೆ, ಮೊಣಕಾಲು ಎರಡೂ ಸೂಕ್ಷ್ಮ. ಗಟ್ಟಿಯಾದ ಒಂದು ಮೆಟ್ಟಿಲು ಇಟ್ಟರೆ ಪುಟ್ಟಿ ಒಂದು ವಾರದಲ್ಲಿ ಕಲಿಯುತ್ತಾಳೆ. ಗುಂಡ ತೂಕ ಇಳಿಸುವವರೆಗೆ ಅವನನ್ನು ಎತ್ತಿ ಹತ್ತಿಸುವ ಕೆಲಸ ನಿಮ್ಮ ಯಜಮಾನರದು.

— ಸಂಪಾದಕ