ಆರೂವರೆಯ ಬಿಸ್ಕತ್ತು, ಎಂಟೂವರೆಯ ಊಟ

ಓದುಗರ ಪತ್ರ (ಸಂಕ್ಷಿಪ್ತವಾಗಿ)

ನಾನು ತುಮಕೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವಳು. ಮನೆ ಸೇರುವಾಗ ಏಳೂಮುಕ್ಕಾಲು. ಏಳು ವರ್ಷದ ಮಗಳು ಸಾರಿನಲ್ಲಿ ಸಾಸಿವೆ ಕಂಡರೂ ತಟ್ಟೆ ತಳ್ಳುತ್ತಾಳೆ. ಮೂರೂವರೆ ವರ್ಷದ ಮಗನಿಗೆ ಮೊಸರನ್ನ, ದೋಸೆ ಬಿಟ್ಟರೆ ಬೇರೇನೂ ಬೇಡ. ಅತ್ತೆಯವರು ಮೊಬೈಲ್ ತೋರಿಸಿ ತುತ್ತು ಇಡುತ್ತಾರೆ. ದೊಡ್ಡವರಿಗೊಂದು, ಮಗಳಿಗೊಂದು, ಮಗನಿಗೊಂದು ಅಂತ ಮೂರು ಅಡುಗೆ ಮಾಡಿ, ಹತ್ತು ಗಂಟೆಗೆ ಅಡುಗೆಕಟ್ಟೆ ಹತ್ತಿರ ನಿಂತುಕೊಂಡೇ ನಾನು ಉಣ್ಣುತ್ತೇನೆ. ಸುಲಭದ ಅಡುಗೆ ಇದ್ದರೆ ತಿಳಿಸಿ. ಮಕ್ಕಳು ಒಂದು ದಿನಕ್ಕೆ ಏನೇನು ತಿಂದರು ಅನ್ನೋದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ.
– ಓದುಗರೊಬ್ಬರು, ತುಮಕೂರು

ಸಂಪಾದಕರ ಉತ್ತರ

ಆ ಬೇರೆ ಹಾಳೆ ಬರೆದು ಕಳಿಸಿದ್ದು ಬಹಳ ಒಳ್ಳೆಯದಾಯಿತು. ಪತ್ರಕ್ಕಿಂತ ಅದನ್ನೇ ನಾನು ಹೆಚ್ಚು ಸಲ ಓದಿದೆ. ನಾಲ್ಕೂಕಾಲಿಗೆ ಒಂದು ಲೋಟ ಹಾಲು. ಆರೂವರೆಗೆ ಇನ್ನೊಂದು ಲೋಟ ಹಾಲು, ಐದು ಬಿಸ್ಕತ್ತು. ಎಂಟೂವರೆಗೆ ಊಟ, ‘ನಾಲ್ಕು ತುತ್ತು, ಒಂದು ಗಂಟೆ’. ಹತ್ತಕ್ಕೆ, ಪಾಪ ಹಸಿದು ಮಲಗಬಾರದೆಂದು ಮತ್ತೊಂದು ಲೋಟ ಹಾಲು. ನಿಮ್ಮ ಮಗನ ಊಟ ಕೆಡುತ್ತಿರುವುದು ಎಂಟೂವರೆಗಲ್ಲ, ಆರೂವರೆಗೆ. ಆ ಹೊತ್ತಿಗೆ ನೀವಿನ್ನೂ ರೈಲಿನಲ್ಲಿರುತ್ತೀರಿ. ಎರಡು ಗಂಟೆ ಮುಂಚೆ ಹೊಟ್ಟೆ ತುಂಬಿದ ಮಗುವಿನ ಮುಂದೆ ನಳಪಾಕವನ್ನೇ ಇಟ್ಟರೂ ಅದು ಮುಖ ತಿರುಗಿಸುತ್ತದೆ. ಹಾಗಾಗಿ ಅಡುಗೆಯ ಮಾತು ಆಮೇಲೆ, ಮೊದಲು ಹಾಲಿನ ಲೆಕ್ಕ ನೋಡೋಣ.

ಮೂರು ಲೋಟ ಅಂದರೆ ಹೆಚ್ಚುಕಡಿಮೆ 600 ಮಿಲಿಲೀಟರ್. ಈ ವಯಸ್ಸಿಗೆ ದಿನಕ್ಕೆ 400ರಿಂದ 500 ಮಿಲಿಲೀಟರ್ ಸಾಕು, ಮೊಸರೂ ಅದರಲ್ಲೇ ಸೇರಿತು. ಹಾಲು ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿ ಕಬ್ಬಿಣದಂಶ ಇಲ್ಲವೆನ್ನುವಷ್ಟು ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅನುಕೂಲಸ್ಥ ಮನೆಗಳ ಮಕ್ಕಳೂ ಇದಕ್ಕೆ ಹೊರತಲ್ಲ. ಹಾಲು, ಮೊಸರನ್ನ, ಬಿಸ್ಕತ್ತು ಮೂರರಲ್ಲೇ ದಿನ ಕಳೆಯುವ ಮಗು ಗುಂಡಗೆ ಕಂಡರೂ ಒಳಗೆ ಸೊರಗಿರಬಹುದು.

ಹಾಲು ಕಡಿಮೆ ಮಾಡಿ ಅಂದರೆ ಅತ್ತೆಯವರು ‘ಮೂಳೆಗೆ ಶಕ್ತಿ ಎಲ್ಲಿಂದ ಬರಬೇಕು?’ ಎಂದು ಕೇಳಿಯಾರು. ನ್ಯಾಯವಾದ ಪ್ರಶ್ನೆಯೇ. ಉತ್ತರ ನಿಮ್ಮ ಸೀಮೆಯಲ್ಲೇ ಇದೆ: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120. ರಾಗಿಯದು ಅಷ್ಟೂ ಮೈಗೆ ಹತ್ತುವುದಿಲ್ಲ, ನಿಜ. ಆದರೂ ದೊಡ್ಡ ಆಸರೆ. ಆರೂವರೆಯ ಹಾಲು–ಬಿಸ್ಕತ್ತು ನಿಲ್ಲಿಸಿ, ಶಾಲೆಯಿಂದ ಬಂದ ಕೂಡಲೇ, ಐದರೊಳಗೆ, ಗಟ್ಟಿಯಾದ ತಿಂಡಿ ಕೊಡಲು ಅತ್ತೆಯವರನ್ನು ಕೇಳಿಕೊಳ್ಳಿ. ರಾಗಿ ಹುರಿಹಿಟ್ಟಿಗೆ ಬೆಲ್ಲ, ತುಪ್ಪ, ಒಂದಿಷ್ಟು ಬಿಸಿ ಹಾಲು ಹಾಕಿ ಕಲಸಿದ ಉಂಡೆ ಅವರ ಕೈಗೆ ನಿಮಗಿಂತ ಚೆನ್ನಾಗಿ ಬರುತ್ತದೆ. ಬಾಳೆಹಣ್ಣಾದರೂ ಸರಿ. ಅಲ್ಲಿಂದ ಊಟದವರೆಗೆ ನೀರು ಮಾತ್ರ. ಮೊದಲ ಮೂರ್ನಾಲ್ಕು ದಿನ ಹುಡುಗ ಏಳು ಗಂಟೆಗೆ ರಂಪ ಮಾಡುತ್ತಾನೆ. ಆಗ ಅವನ ಜೊತೆ ಇರುವವರು ಅತ್ತೆಯವರು, ನೀವಲ್ಲ. ಅದಕ್ಕೇ ಈ ಮಾತನ್ನು ಅಪ್ಪಣೆಯ ಹಾಗೆ ಹೇಳದೆ, ಭಾನುವಾರ ನಿಧಾನವಾಗಿ ಕೂತು ಅವರ ಜೊತೆ ಮಾತಾಡಿ. ಬೇಕಾದರೆ ಏಳೂವರೆಗೇ ಅವನಿಗೆ ಊಟ ಆಗುವಂತೆ ಕುಕ್ಕರ್ ಬೇಗ ಇಡಲಿ.

ಇನ್ನು ‘ಮುಂಚೆ ಎಲ್ಲ ತಿನ್ನುತ್ತಿದ್ದ, ಈಗ ಏನೂ ಬೇಡ ಅನ್ನುತ್ತಾನೆ’ ಎಂದು ಬರೆದಿದ್ದೀರಿ. ಇದು ನಿಮ್ಮ ಮನೆಯೊಂದರ ಕಥೆಯಲ್ಲ. ಹುಟ್ಟುವಾಗ ಮೂರು ಕೆ.ಜಿ. ಇದ್ದ ಮಗು ವರ್ಷ ತುಂಬುವಾಗ ಒಂಬತ್ತಾಗುತ್ತದೆ. ಎರಡು ದಾಟಿದ ಮೇಲೆ ವರ್ಷಕ್ಕೆ ಎರಡು ಕೆ.ಜಿ. ಏರಿದರೆ ಹೆಚ್ಚು. ಬೆಳವಣಿಗೆ ನಿಧಾನವಾದಂತೆ ಹಸಿವೂ ತಗ್ಗುತ್ತದೆ. ಅದೇ ಹೊತ್ತಿಗೆ, ಎರಡರಿಂದ ಆರು ವರ್ಷದವರೆಗೆ, ಹೊಸ ತಿನಿಸಿನ ಬಗ್ಗೆ ಒಂದು ಬಗೆಯ ಹೆದರಿಕೆಯೂ ಬರುತ್ತದೆ. ಹೊಸ ರುಚಿಯೊಂದನ್ನು ಒಪ್ಪಲು ಮಗುವಿಗೆ ಎಂಟರಿಂದ ಹದಿನೈದು ಸಲ ಅದರ ಪರಿಚಯ ಬೇಕಾಗುತ್ತದೆ ಎಂದು ಮಕ್ಕಳ ಊಟದ ಬಗ್ಗೆ ಸಂಶೋಧನೆ ಮಾಡಿದವರು ಕಂಡುಕೊಂಡಿದ್ದಾರೆ. ನಾವು ಮೂರನೆಯ ಸಲಕ್ಕೇ ‘ಇವನಿಗೆ ಬೀನ್ಸ್ ಆಗಲ್ಲ’ ಅಂದುಬಿಡುತ್ತೇವೆ. ಮಗು ಅದನ್ನು ಕೇಳಿಸಿಕೊಂಡು, ತನ್ನ ಗುಣವೇ ಅದು ಅಂದುಕೊಳ್ಳುತ್ತದೆ. ನೆಂಟರೆದುರು ಆ ಮಾತು ಆಡಬೇಡಿ.

ಮೂರು ಅಡುಗೆ ಈ ವಾರದಿಂದಲೇ ಬಿಡಿ. ಒಂದೇ ಅಡುಗೆ ಮಾಡಿ, ಖಾರ ಬೀಳುವ ಮುಂಚೆ ಮಕ್ಕಳದ್ದನ್ನು ಎತ್ತಿಡಿ. ಕುಕ್ಕರಿನ ಒಂದು ಪಾತ್ರೆಯಲ್ಲಿ ಅಕ್ಕಿ, ಇನ್ನೊಂದರಲ್ಲಿ ತೊಗರಿಬೇಳೆ, ಮೇಲಿನ ಡಬ್ಬಿಯಲ್ಲಿ ಉದ್ದುದ್ದ ಹೆಚ್ಚಿದ ಕ್ಯಾರೆಟ್, ಆಲೂಗೆಡ್ಡೆ. ಮೂರು ಕೂಗು. ಬೇಳೆ ಮಸೆದು ಎರಡು ಸೌಟು ತೆಗೆದು ಉಪ್ಪು, ತುಪ್ಪ, ಚಿಟಿಕೆ ಅರಿಸಿನ ಹಾಕಿದರೆ ಮಕ್ಕಳ ತೊವ್ವೆ. ಉಳಿದದ್ದಕ್ಕೆ ಹುಣಸೆಹಣ್ಣು, ಸಾರಿನ ಪುಡಿ, ಒಗ್ಗರಣೆ ಬಿದ್ದರೆ ದೊಡ್ಡವರ ಸಾರು. ಮಗಳ ಸಾಸಿವೆ ಜಗಳ ಅಲ್ಲಿಗೇ ಮುಗಿಯಿತು, ಅವಳ ಪಾಲಿಗೆ ಒಗ್ಗರಣೆಯೇ ಬೀಳಲಿಲ್ಲವಲ್ಲ. ಡಬ್ಬಿಯ ಕ್ಯಾರೆಟ್ಟನ್ನು ಹಾಗೇ ತಟ್ಟೆಯ ಪಕ್ಕಕ್ಕಿಡಿ, ಕಲಸಬೇಡಿ. ಮಕ್ಕಳಿಗೆ ಯಾವುದು ಏನು ಎಂದು ಕಣ್ಣಿಗೆ ಕಾಣಬೇಕು. ಎಲ್ಲ ಬೆರೆತ ಬಿಸಿಬೇಳೆಬಾತ್ ಕಂಡರೆ ಹೆದರುವ ಮಗು ಅದೇ ತರಕಾರಿಯನ್ನು ಬಿಡಿಬಿಡಿಯಾಗಿ ಮುಟ್ಟಿ ನೋಡುತ್ತದೆ.

ಬಚ್ಚಿಟ್ಟು ತಿನ್ನಿಸುವ ಉಪಾಯ ಮಾತ್ರ ಬೇಡ. ನನ್ನ ಮಗಳಿಗೆ ನಾಲ್ಕು ವರ್ಷವಿದ್ದಾಗ ನಾನು ಪಾಲಕ್ ರುಬ್ಬಿ ದೋಸೆ ಹಿಟ್ಟಿಗೆ ಸೇರಿಸಿ ‘ಗಿಣಿ ದೋಸೆ’ ಅಂತ ಕೊಟ್ಟೆ. ಎರಡು ದಿನ ತಿಂದಳು. ಮೂರನೆಯ ದಿನ ಮಿಕ್ಸಿ ಜಾರಿನ ಅಂಚಿಗೆ ಅಂಟಿದ್ದ ಎಲೆ ನೋಡಿಬಿಟ್ಟಳು. ಆಮೇಲೆ ಬಿಳಿ ದೋಸೆಯನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ದೋಸೆ ಮತ್ತೆ ನಂಬಿಕೆಯ ತಿಂಡಿಯಾಗಲು ತಿಂಗಳುಗಳೇ ಹಿಡಿದವು. ಸೊಪ್ಪಿಗಿಂತ ಹೆಚ್ಚಿನದನ್ನು ಕಳೆದುಕೊಂಡೆ ಅನ್ನಿಸಿ ಇವತ್ತಿಗೂ ಬೇಸರವಾಗುತ್ತದೆ.

ಅವಳು ಸೊಪ್ಪು ಮುಟ್ಟಿದ್ದು ಅಕ್ಕಿರೊಟ್ಟಿಯಲ್ಲಿ. ಒಂದು ಸಂಜೆ ಕೈ ಸಾಲದೆ, ತಣ್ಣಗಿನ ಬಾಣಲೆಗೆ ರೊಟ್ಟಿ ತಟ್ಟಿ ಅವಳ ಮುಂದಿಟ್ಟು ‘ಎಣ್ಣೆಗೆ ತೂತು ಮಾಡು’ ಅಂದೆ. ತೋರುಬೆರಳಿಂದ ನಡುವೆ ಒಂದು, ಸುತ್ತ ಆರು. ಒಂದು ತೂತಿನ ಬಾಯಿಗೆ ಸಬ್ಬಸಿಗೆ ಎಳೆಯೊಂದು ಅಡ್ಡ ಬಂತು. ಅದನ್ನು ಕಿತ್ತು ಪಕ್ಕಕ್ಕಿಟ್ಟಳು. ಎರಡನೆಯ ರೊಟ್ಟಿಯಲ್ಲಿ ಕೀಳಲಿಲ್ಲ, ಬೆರಳಿಂದ ಒಳಕ್ಕೆ ಒತ್ತಿದಳು. ಬೆಂದ ಮೇಲೆ ತನ್ನ ಬೆರಳು ಊರಿದ್ದ ರೊಟ್ಟಿ ಯಾವುದೆಂದು ಹುಡುಕಿ, ಆ ತೂತಿನ ಸುತ್ತಲ ಗರಿಗರಿ ಅಂಚನ್ನು ಮುರಿದು ತಿಂದಳು. ನಾನು ‘ನೋಡು, ತಿಂದೆಯಲ್ಲ!’ ಅನ್ನಲಿಲ್ಲ. ಹೇಗೋ ಬಾಯಿ ಬಿಗಿಹಿಡಿದೆ. ನಿಮ್ಮ ಮಗಳಿಗೆ ಏಳು ವರ್ಷ. ಹಿಟ್ಟು ಕಲಸುವಾಗ ಮೊದಲು ಅವರಿಬ್ಬರದ್ದು, ತುರಿದ ಕ್ಯಾರೆಟ್, ಕಾಯಿತುರಿ, ಜೀರಿಗೆ ಅಷ್ಟೇ ಹಾಕಿದ್ದು. ಹಸಿಮೆಣಸಿನಕಾಯಿ, ಈರುಳ್ಳಿ ಆಮೇಲೆ ನಿಮ್ಮದಕ್ಕೆ. ಒಲೆ ಹಚ್ಚುವ ಮುಂಚಿನ ಕೆಲಸವೆಲ್ಲ ಅವಳು ಮಾಡಬಲ್ಲಳು.

ವಾರದ ಉಳಿದ ದಿನ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಭಾನುವಾರ ರುಬ್ಬಿದ ಹಿಟ್ಟು ಫ್ರಿಜ್ಜಿನಲ್ಲಿದ್ದರೆ ಬುಧವಾರಕ್ಕೆ ದೋಸೆ, ಹುಳಿ ಬಂದ ಮೇಲೆ ಶುಕ್ರವಾರಕ್ಕೆ ಪಡ್ಡು. ಮುದ್ದೆ ಮಾಡುವ ದಿನ ಮಗನಿಗೆ ನೆಲ್ಲಿಕಾಯಿ ಗಾತ್ರದ ಪುಟ್ಟ ಮುದ್ದೆ, ಸೊಪ್ಪು ಬಸಿದ ಕಟ್ಟು. ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣದಂಶ ಮೈಗೆ ಹತ್ತಲು ಸಹಾಯ. ಬೇಸತ್ತ ದಿನ ಅನ್ನ, ತುಪ್ಪ, ಚಟ್ನಿಪುಡಿ, ಬೇಯಿಸಿದ ಮೊಟ್ಟೆ. ಅದೂ ಊಟವೇ.

ಒಂದು ಮಾತು ಕೇಳಲೇಬೇಕು. ಎರಡು ಪುಟದ ಪತ್ರದಲ್ಲಿ ಮಕ್ಕಳ ಅಪ್ಪ ಬರುವುದು ಒಂದೇ ಕಡೆ, ‘ಅವರು ಎಂಟಕ್ಕೆ ಬರುತ್ತಾರೆ’ ಎಂದು. ಎಂಟಕ್ಕೆ ಬಂದವರು ತಟ್ಟೆ ಹಾಕಬಹುದು. ಹಿಂದಿನ ರಾತ್ರಿ ಟಿವಿ ನೋಡುತ್ತಾ ಸೊಪ್ಪು ಬಿಡಿಸಬಹುದು. ಇದು ಉಪಕಾರವೆಂದು ನೀವು ಕೇಳಬೇಕಾಗಿಲ್ಲ, ಮನೆ ಅವರದ್ದೂ ಹೌದು.

ಬಡಿಸುವಾಗ ಪ್ರತಿ ಊಟದಲ್ಲೂ ಮಕ್ಕಳು ಖಂಡಿತ ತಿನ್ನುವ ಒಂದು ಪದಾರ್ಥ ಇರಲಿ. ನಿಮ್ಮ ಮನೆಯಲ್ಲಿ ಅದು ಮೊಸರನ್ನ. ಅದನ್ನು ಕೊನೆಗೆ ಬಹುಮಾನವಾಗಿ ಕೊಡದೆ ಮೊದಲೇ ಬಡಿಸಿ. ಏನು ಅಡುಗೆ, ಎಷ್ಟು ಹೊತ್ತಿಗೆ ಎನ್ನುವುದು ನಿಮ್ಮ ತೀರ್ಮಾನ. ಅದರಲ್ಲಿ ಎಷ್ಟು ತಿನ್ನಬೇಕು ಎನ್ನುವುದನ್ನು ಅವರಿಗೆ ಬಿಡಿ. ಇಪ್ಪತ್ತು–ಇಪ್ಪತ್ತೈದು ನಿಮಿಷವಾದ ಮೇಲೆ ತಟ್ಟೆ ಎತ್ತಿ, ಬೈಗುಳ ಬೇಡ. ಹತ್ತು ಗಂಟೆಯ ಹಾಲೂ ಬೇಡ. ಒಂದು ರಾತ್ರಿ ಕಡಿಮೆ ಉಂಡ ಮಗು ಬೆಳಿಗ್ಗೆ ತಾನೇ ಕೇಳಿ ತಿನ್ನುತ್ತದೆ.

ಮೊಬೈಲ್ ತೆಗೆದರೆ ಅತ್ತೆಯವರ ಕೈ ಖಾಲಿಯಾಗುತ್ತದೆ. ಅವರಿಗೆ ಶನಿವಾರ ರಾತ್ರಿ ಕೊಡಿ. ಉಳಿದ ಅನ್ನ–ಸಾರು–ಪಲ್ಯ ಒಂದು ದೊಡ್ಡ ಬೋಗುಣಿಯಲ್ಲಿ ಕಲಸಿ, ಎಲ್ಲರನ್ನೂ ಸುತ್ತ ಕೂರಿಸಿ ಕೈತುತ್ತು ಹಾಕಲಿ. ಅಕ್ಕನ ಕೈಗೆ ಬಿದ್ದ ತುತ್ತಿಗೆ ತಮ್ಮನೂ ಕೈ ಚಾಚುತ್ತಾನೆ. ಕೈ ಚಾಚದಿದ್ದರೆ ಆ ಸುತ್ತು ಅವನನ್ನು ಬಿಟ್ಟು ಮುಂದಕ್ಕೆ ಹೋಗಲಿ.

ಮಕ್ಕಳ ಬೆಳವಣಿಗೆಯ ಪಟ್ಟಿಯಲ್ಲಿರುವ ಗೆರೆ ನೋಡಿ, ಮಗನ ತೂಕವನ್ನು ಅದಕ್ಕೆ ಹೋಲಿಸಿ. ಗೆರೆ ಇಳಿಮುಖವಾಗಿದ್ದರೆ, ಗಟ್ಟಿ ಆಹಾರ ನುಂಗುವಾಗ ಉಸಿರುಕಟ್ಟುತ್ತಿದ್ದರೆ, ಅಥವಾ ತಿನ್ನುತ್ತಿದ್ದ ಪದಾರ್ಥಗಳನ್ನು ಒಂದೊಂದಾಗಿ ಬಿಡುತ್ತಾ ಬಂದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಹೇಗಿದ್ದರೂ ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಬಿಡಿ.

ಕೊನೆಗೆ, ಆ ಹತ್ತು ಗಂಟೆಯ ನಿಂತ ಊಟ. ನಾಳೆಯಿಂದ ಎಂಟೂವರೆಗೆ ಮಕ್ಕಳ ತಟ್ಟೆ ಹಾಕುವಾಗಲೇ ನಿಮ್ಮ ತಟ್ಟೆಯನ್ನೂ ಹಾಕಿಕೊಳ್ಳಿ, ಅವರ ಎದುರಿಗೆ, ನೆಲದ ಮೇಲೆ. ಪಾತ್ರೆ ಆಮೇಲೆ ತೊಳೆದರಾಯಿತು. ನೀವು ಬೀನ್ಸ್ ಪಲ್ಯ ಉಣ್ಣುವುದನ್ನು ನಿಮ್ಮ ಮಗ ಇಷ್ಟು ದಿನ ಒಮ್ಮೆಯೂ ನೋಡಿರಲಿಕ್ಕಿಲ್ಲ.