ಇಂಗ್ಲೆಂಡಿನಲ್ಲಿ ಆಶ್ರಯ ಕೇಳಿ ಬಂದವರಿಗೆ ತಜ್ಞ ವೈದ್ಯರ ಚಿಕಿತ್ಸೆ ಸಿಗುತ್ತಾ?

ಸಿಗುತ್ತದೆ. ಅರ್ಜಿ ಇನ್ನೂ ಬಾಕಿ ಇದ್ದರೂ ಎನ್‌ಎಚ್‌ಎಸ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಿಲ್ಲ. ಮೊದಲು ಹತ್ತಿರದ ಜಿಪಿ, ಅಂದರೆ ಕುಟುಂಬ ವೈದ್ಯರ ಬಳಿ ಹೆಸರು ಬರೆಸಬೇಕು. ತಜ್ಞರಿಗೆ ಚೀಟಿ ಕೊಡುವುದು ಅವರೇ. ಗುರುತಿನ ಚೀಟಿಯೋ ವಿಳಾಸದ ಪುರಾವೆಯೋ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಆದರೂ ಕೌಂಟರಿನಲ್ಲಿ ಕೇಳಿದರೆ ಸುಮ್ನೆ ಹೊರಟುಬಿಡಬೇಡಿ, ನಿಯಮ ನೆನಪಿಸಿ.

ಭಾಷೆ ಬರದಿದ್ದರೆ ದುಭಾಷಿ ಬೇಕು ಅಂತ ಮೊದಲೇ ಹೇಳಿ. ಮಕ್ಕಳನ್ನು ಆ ಕೆಲಸಕ್ಕೆ ಹಚ್ಚಬೇಡಿ. ಚಿತ್ರಹಿಂಸೆ ಅನುಭವಿಸಿದವರು ಮಗಳ ಎದುರು ಬಾಯಿಬಿಡೋದು ಕಷ್ಟ ಅಲ್ವಾ? ಅಂಥವರಿಗೆಂದೇ 'ಫ್ರೀಡಂ ಫ್ರಮ್ ಟಾರ್ಚರ್' ಸಂಸ್ಥೆ 1985ರಿಂದ ಇದೆ. ಮನಸ್ಸಿಗೆ ಚಿಕಿತ್ಸೆ ಕೊಡುವುದರ ಜೊತೆಗೆ, ಗಾಯದ ಗುರುತುಗಳನ್ನು ದಾಖಲಿಸಿ ವೈದ್ಯಕೀಯ ವರದಿಯನ್ನೂ ಬರೆದುಕೊಡುತ್ತದೆ.

ಔಷಧಿ, ಹಲ್ಲಿನ ಖರ್ಚಿನಿಂದ ವಿನಾಯಿತಿ ಕೊಡುವ ಎಚ್‌ಸಿ2 ಎಂಬ ಪ್ರಮಾಣಪತ್ರವಿದೆ. ಆಶ್ರಯದ ಅರ್ಜಿ ತಿರಸ್ಕಾರವಾದರೆ ಆಸ್ಪತ್ರೆ ಬಿಲ್ ಬರಬಹುದು. ಕ್ಷಯದಂಥ ಕೆಲವು ಸಾಂಕ್ರಾಮಿಕ ರೋಗಗಳ ಚಿಕಿತ್ಸೆಗೆ ಆಗಲೂ ಬರುವುದಿಲ್ಲ.